ಬೋನ್ಸಾಯ್ ಬೇರಿಗೆ ಫೆಬ್ರುವರಿಯಲ್ಲೇ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಬೋನ್ಸಾಯ್ ಗಿಡಗಳ ಆರೈಕೆ ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಕುಂಡದೊಳಗಿನ ಕುಬ್ಜ ಮರಗಳಿಗೆ ಕನ್ನಡ ಪತ್ರಿಕೆಯೊಂದು ಇಡೀ ಪುಟ ಕೊಟ್ಟಿದ್ದು ಕಂಡು ಸಂತೋಷವಾಯಿತು. ಓದಿ ಮುಗಿಸುವಷ್ಟರಲ್ಲಿ ಆತಂಕವೂ ಆಯಿತು. ಫೆಬ್ರುವರಿ ಮೊದಲ ವಾರದೊಳಗೆ ಗಿಡವನ್ನು ಕುಂಡದಿಂದ ತೆಗೆದು ಬೇರಿನ ಮೂರನೇ ಒಂದು ಪಾಲನ್ನು ಕತ್ತರಿಸಬೇಕು, ಗಿಡವನ್ನು ಹಜಾರದ ಟೀಪಾಯಿಯ ಮೇಲಿಟ್ಟು ದಿನಕ್ಕೆ ಎರಡು ಚಮಚ ನೀರು ಹನಿಸಿದರೆ ಸಾಕು, ಮರ ಯಾವುದೇ ಇರಲಿ ತಲೆ ಚೂಪಾಗಿ ಬುಡ ಅಗಲವಾಗಿ ತ್ರಿಕೋನದಂತೆ ಕಾಣಬೇಕು ಎಂಬ ಮೂರು ಮಾತುಗಳನ್ನು ಲೇಖಕರು ಎಲ್ಲ ಊರುಗಳಿಗೂ ಎಲ್ಲ ಮರಗಳಿಗೂ ಸಲ್ಲುವ ನಿಯಮಗಳೆಂಬಂತೆ ಬರೆದಿದ್ದಾರೆ. ಸಂಕ್ರಾಂತಿ ಕಳೆದು ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಗಳು ನಡೆಯುವ ಈ ದಿನಗಳಲ್ಲಿ ಬಹಳ ಮಂದಿ ಆಸೆಪಟ್ಟು ಬೋನ್ಸಾಯ್ ಕೊಂಡು ಮನೆಗೆ ತರುತ್ತಾರೆ. ಅವರು ಆ ಪುಟವನ್ನು ಕತ್ತರಿಸಿಟ್ಟುಕೊಂಡು ಅದರಲ್ಲಿರುವಂತೆಯೇ ನಡೆದರೆ ಗಿಡ ಉಳಿಯುವುದು ಕಷ್ಟ. ಆದ್ದರಿಂದ ಓದುಗರ ಅಂಕಣಕ್ಕೆ ಹೆಚ್ಚೇ ಆಗುವಷ್ಟು ಉದ್ದದ ಈ ಪತ್ರವನ್ನು ಬರೆಯುತ್ತಿದ್ದೇನೆ.

ಫೆಬ್ರುವರಿಯ ಲೆಕ್ಕ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಜಪಾನಿ ಭಾಷೆಯಲ್ಲಿ ‘ಬೋನ್’ ಎಂದರೆ ಆಳವಿಲ್ಲದ ತಟ್ಟೆ, ‘ಸಾಯ್’ ಎಂದರೆ ನೆಡುವುದು. ಈ ಕಲೆಯ ಮೂಲ ಚೀನಾ ದೇಶ, ಅಲ್ಲಿ ಕ್ರಿ.ಶ. 706ರ ರಾಜಕುಮಾರ ಜಾಂಗ್‌ಹುವಾಯ್‌ನ ಸಮಾಧಿಯ ಗೋಡೆಯ ಮೇಲೆ ಪುಟ್ಟ ಗಿಡ, ಕಲ್ಲುಗಳಿರುವ ತಟ್ಟೆಯನ್ನು ಹಿಡಿದು ನಿಂತ ಪರಿಚಾರಕರ ಚಿತ್ರವಿದೆ. ಆದರೆ ಕತ್ತರಿ, ತಂತಿ, ಕುಂಡಗಳ ಶಾಸ್ತ್ರವನ್ನು ಒಪ್ಪವಾಗಿ ಕಟ್ಟಿ ಜಗತ್ತಿಗೆಲ್ಲ ಹಂಚಿದವರು ಜಪಾನಿಯರು. 1923ರ ಮಹಾ ಭೂಕಂಪದಲ್ಲಿ ಟೋಕಿಯೊ ನಗರ ನೆಲಕಚ್ಚಿದ ಮೇಲೆ ಅಲ್ಲಿನ ಬೋನ್ಸಾಯ್ ಬೆಳೆಗಾರರಲ್ಲಿ ಕೆಲವರು ಒಳ್ಳೆಯ ಮಣ್ಣು, ಒಳ್ಳೆಯ ನೀರು, ಒಳ್ಳೆಯ ಗಾಳಿಯನ್ನು ಹುಡುಕಿಕೊಂಡು ಉತ್ತರಕ್ಕೆ ಹೋಗಿ 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿಕೊಂಡರು. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಮೇಪಲ್ ಎಲೆಗಳನ್ನೆಲ್ಲ ಉದುರಿಸಿ ನಿದ್ರೆಗೆ ಜಾರಿರುತ್ತದೆ, ಪೈನ್ ಮರಗಳೂ ಬೆಳವಣಿಗೆ ನಿಲ್ಲಿಸಿರುತ್ತವೆ. ವರ್ಷವಿಡೀ ಉಂಡ ಬಿಸಿಲು ಕಾಂಡ ಬೇರುಗಳಲ್ಲಿ ಪಿಷ್ಟವಾಗಿ ಕೂಡಿರುತ್ತದೆ. ಚಳಿ ಸಡಿಲಿ ಮೊಗ್ಗು ಉಬ್ಬುವ ಹೊತ್ತಿಗೆ, ಎಂದರೆ ಚಳಿಗಾಲದ ಕೊನೆಯಿಂದ ವಸಂತದ ಆರಂಭದೊಳಗೆ, ಬೇರನ್ನು ಕತ್ತರಿಸಿದರೆ ಕೂಡಿಟ್ಟ ಆ ಶಕ್ತಿಯೇ ಹೊಸ ಬೇರನ್ನೂ ಹೊಸ ಎಲೆಯನ್ನೂ ತಳ್ಳುತ್ತದೆ. ಎಲೆಯಿಲ್ಲದ ಮರ ನೀರನ್ನು ಆವಿಯಾಗಿ ಕಳೆದುಕೊಳ್ಳುವುದಿಲ್ಲವಾದ್ದರಿಂದ ಬೇರಿಗೆ ಆದ ಗಾಯವನ್ನು ಅದು ತಾಳಿಕೊಳ್ಳುತ್ತದೆ. ಓಮಿಯಾದಲ್ಲಿ ಇದು ಸರಿಯಾದ ಪಂಚಾಂಗ. ನಮ್ಮ ಆಲ, ಗೋಣಿ, ಬಸರಿ, ಅತ್ತಿಗಳಿಗೆ ಅಂಥ ಚಳಿಯೂ ಇಲ್ಲ, ಅಂಥ ನಿದ್ರೆಯೂ ಇಲ್ಲ.

ಒಂದೇ ಗಿಡಕ್ಕೆ ಊರು ಬದಲಾದಂತೆ ಕತ್ತರಿಯ ಕಾಲ ಬದಲಾಗುತ್ತದೆ ಎನ್ನುವುದು ನಮ್ಮ ರೈತರಿಗೆ ಹೊಸ ವಿಷಯವಲ್ಲ. ಯೂರೋಪಿನಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಅಲ್ಲಿಯವರು ವರ್ಷಕ್ಕೊಮ್ಮೆ ಆ ನಿದ್ರೆಯಲ್ಲೇ ಅದನ್ನು ಕತ್ತರಿಸುತ್ತಾರೆ. ಅದೇ ಬಳ್ಳಿ ವಿಜಯಪುರಕ್ಕೆ ಬಂದ ಮೇಲೆ ಮಲಗುವುದನ್ನೇ ಮರೆಯಿತು. ನಮ್ಮ ಬೆಳೆಗಾರರು ಏಪ್ರಿಲ್ ಸುಮಾರಿಗೆ ಒಂದು ಚಾಟನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು ಚಾಟನಿ ಎಂದು ವರ್ಷಕ್ಕೆರಡು ಸಲ ಕತ್ತರಿ ಹಾಕುತ್ತಾರೆ, ಮೊದಲನೆಯದು ಕಡ್ಡಿ ಬೆಳೆಸಲು, ಎರಡನೆಯದು ಕಾಯಿ ಹಿಡಿಯಲು. ಹೊಟ್ಟೆಪಾಡಿನ ಬೆಳೆಯಲ್ಲಿ ಇಷ್ಟು ವಿವೇಕ ತೋರಿಸುವ ನಾವು ಹವ್ಯಾಸದ ಗಿಡದ ವಿಷಯದಲ್ಲಿ ಮಾತ್ರ ಪುಸ್ತಕದ ತಿಂಗಳನ್ನೇ ಹಿಡಿದುಕೊಂಡು ಕೂರುವುದು ವಿಚಿತ್ರ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಹಳೆಯ ಮನೆಯೊಂದರ ಹಿತ್ತಿಲ ಗೋಡೆಯ ಬಿರುಕಿನಲ್ಲಿ ಬೆಳೆದಿದ್ದ ಗೋಣಿ ಗಿಡವನ್ನು ಮನೆಯ ಯಜಮಾನರ ಅನುಮತಿ ಪಡೆದು ಬಿಡಿಸಿ ತಂದಿದ್ದೆ. ಗೋಡೆ ಉಳಿಯಿತೆಂದು ಅವರಿಗೆ ಸಂತೋಷ, ಹೆಬ್ಬೆರಳಿಗಿಂತ ದಪ್ಪದ ಬೊಡ್ಡೆ ಸಿಕ್ಕಿತೆಂದು ನನಗೆ ಸಂತೋಷ. ಎರಡು ವರ್ಷ ಚೆನ್ನಾಗಿ ಬೆಳೆಯಿತು. ಮೂರನೆಯ ವರ್ಷ, ಇಂಗ್ಲಿಷ್ ಪುಸ್ತಕವೊಂದರ ಮಾತು ನಂಬಿ, ಜನವರಿ ಕೊನೆಯ ವಾರದಲ್ಲಿ ಬೇರನ್ನು ತೊಳೆದು ಅರ್ಧಕ್ಕರ್ಧ ಕತ್ತರಿಸಿ ಚಪ್ಪಟೆ ಕುಂಡದಲ್ಲಿ ಕೂರಿಸಿದೆ. ಹನ್ನೆರಡು ದಿನಗಳೊಳಗೆ ಎಲೆಗಳು ಒಂದೊಂದಾಗಿ ಹಳದಿಯಾಗಿ ಉದುರಿದವು. ಶಿವರಾತ್ರಿಯ ಹೊತ್ತಿಗೆ ರೆಂಬೆಯ ತುದಿಗಳು ಸುಕ್ಕುಗಟ್ಟಿದವು. ದಿನವೂ ಬೆಳಿಗ್ಗೆ ಉಗುರಿನಿಂದ ತೊಗಟೆಯನ್ನು ಸ್ವಲ್ಪವೇ ಕೆರೆದು ನೋಡುತ್ತಿದ್ದೆ. ಮೊದಲು ಮೇಲಿನ ರೆಂಬೆಯಲ್ಲಿ ಹಸಿರಿನ ಬದಲು ಕಂದು ಕಂಡಿತು, ವಾರದ ನಂತರ ನಡುವಿನ ಕೊಂಬೆಯಲ್ಲಿ, ಕೊನೆಗೆ ಬೊಡ್ಡೆಯಲ್ಲೂ. ಗೋಡೆಯ ಬಿರುಕಿನಲ್ಲಿ ಹಿಡಿ ಮಣ್ಣೂ ಇಲ್ಲದೆ ಬದುಕಿದ್ದ ಗಿಡ ನನ್ನ ಆರೈಕೆಯಲ್ಲಿ ಸತ್ತಿತು. ಅದಾದ ಮೇಲೆ ತಂದ ಆಲದ ಗಿಡಕ್ಕೆ ಜೂನ್ ಕೊನೆಯಲ್ಲಿ, ಆರಿದ್ರಾ ಮಳೆಯ ನಡುವೆ, ಅಷ್ಟೇ ಪ್ರಮಾಣದ ಬೇರನ್ನು ಕತ್ತರಿಸಿದೆ. ಮೂರನೆಯ ವಾರಕ್ಕೆ ಅದರ ತುದಿಗಳಲ್ಲಿ ಕೆಂಪು ಪೊರೆಯ ಮೊಗ್ಗುಗಳು ಬಿಚ್ಚಿಕೊಂಡವು. ಆ ಮರ ಇಂದಿಗೂ ನಮ್ಮ ತಾರಸಿಯ ಮೇಲಿದೆ.

ಎರಡರ ನಡುವಿನ ವ್ಯತ್ಯಾಸ ಗಾಳಿಯಲ್ಲಿತ್ತು. ಬೇರಿನ ತುದಿಯ ಸೂಕ್ಷ್ಮ ರೋಮಗಳೇ ನೀರನ್ನು ಹೀರುವುದು. ಅವನ್ನು ಕತ್ತರಿಸಿದ ಮೇಲೆ ಹೊಸವು ಹುಟ್ಟುವ ತನಕ ಗಿಡ ಒಳಗೆ ಉಳಿದಿರುವ ನೀರಿನಲ್ಲೇ ಕಾಲ ತಳ್ಳಬೇಕು. ಆಲ, ಗೋಣಿ, ಬಸರಿ, ಅತ್ತಿಗಳಂಥ, ಗಾಯವಾದರೆ ಹಾಲು ಸುರಿಸುವ ನಮ್ಮ ಹಾಲುಮರಗಳು ಜನವರಿಯಲ್ಲೂ ಎಲೆ ಹೊತ್ತು ನಿಂತಿರುತ್ತವೆ. ಮೈಸೂರಿನಲ್ಲಿ ಆಗ ರಾತ್ರಿಯ ಉಷ್ಣಾಂಶ 16 ಡಿಗ್ರಿಯ ಸುಮಾರಿಗೆ ಇಳಿಯುವುದರಿಂದ ಹೊಸ ಬೇರು ನಿಧಾನ, ಹಗಲಿನ ಒಣಗಾಳಿಗೆ ಎಲೆಯಿಂದ ನೀರು ಹೋಗುವುದು ಜೋರು. ಖರ್ಚು ಹೆಚ್ಚು, ವರಮಾನ ಇಲ್ಲ. ಅದನ್ನು ದಾಟಿಕೊಂಡರೂ ಎದುರಿಗೆ ಮಾರ್ಚ್ ಏಪ್ರಿಲ್ ಕಾದಿರುತ್ತವೆ. ಲೇಖಕರಿಗೆ ಅನ್ಯಾಯವಾಗಬಾರದೆಂದು ಇದನ್ನೂ ಹೇಳಬೇಕು: ದಾಳಿಂಬೆಯಂಥ, ಎಲೆ ಉದುರಿಸಿ ಮತ್ತೆ ಚಿಗುರುವ ಗಿಡಗಳಿಗೆ ಫೆಬ್ರುವರಿ ಕೊನೆಯಲ್ಲಿ ಕಣ್ಣು ಉಬ್ಬುವಾಗ ಬೇರು ಕತ್ತರಿಸಿ ಕುಂಡ ಬದಲಿಸುವುದು ಸರಿಯಾದೀತು, ನೆರಳುಬಲೆಯ ಮನೆ ಕಟ್ಟಿಕೊಂಡು ದಿನಕ್ಕೆ ನಾಲ್ಕು ಸಲ ನೀರು ಸಿಂಪಡಿಸಬಲ್ಲ ಅನುಭವಿಗಳು ಆಲವನ್ನೂ ಆಗ ಉಳಿಸಿಕೊಂಡಾರು. ಆದರೆ ಲೇಖನ ಬರೆದಿರುವುದು ಹೊಸಬರಿಗೆ, ಅದರ ಜೊತೆಗಿನ ಚಿತ್ರದಲ್ಲಿ ಇರುವುದು ಆಲ.

ಹಾಗಾದರೆ ನಮ್ಮ ಪಂಚಾಂಗ ಯಾವುದು? ನನ್ನ ಉತ್ತರ ಮಳೆ ನಕ್ಷತ್ರಗಳ ಪಟ್ಟಿ. ಏಪ್ರಿಲ್ ಕೊನೆಯ ಭರಣಿಯಿಂದ ಮೇ ತಿಂಗಳ ಕೃತ್ತಿಕೆಯವರೆಗಿನ ಗುಡುಗು ಮಳೆಗಳು ಬಿದ್ದಾಗ ಹಾಲುಮರಗಳು ಒಮ್ಮೆಲೇ ಎಚ್ಚರಗೊಳ್ಳುತ್ತವೆ. ಆಗ ಹಿಂಡಿ ಗೊಬ್ಬರ ಕೊಟ್ಟು ಶಕ್ತಿ ತುಂಬಿಕೊಳ್ಳಲು ಬಿಡಬೇಕು, ಬೇರು ಮುಟ್ಟಬಾರದು, ಏಕೆಂದರೆ ಎರಡು ಮಳೆಗಳ ನಡುವೆ ಬಿಸಿಲು ಇನ್ನೂ ಬೆಂಕಿಯೇ. ರೋಹಿಣಿ ಮುಗಿದು ಮೃಗಶಿರಾ ಹಿಡಿದು ಮೋಡ ಕವಿದ ಮೇಲೆ, ಜೂನ್ ಎರಡನೆಯ ವಾರದಿಂದ ಜುಲೈ ಮಧ್ಯದ ಪುನರ್ವಸುವಿನೊಳಗೆ ಕುಂಡ ಬದಲಿಸುವ ಕೆಲಸ ಮುಗಿಸಬೇಕು. ಮೈಸೂರಿನ ವಿಶೇಷವೆಂದರೆ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುವಷ್ಟು ಮಳೆ ಇಲ್ಲಿ ಜೂನ್ ಜುಲೈಯಲ್ಲಿ ಬೀಳುವುದಿಲ್ಲ. ಆದರೆ ಆ ಎರಡು ತಿಂಗಳಲ್ಲಿ ಇರುವ ಮುಸುಕು ಬೆಳಕು, ತೇವದ ಗಾಳಿ, ಆಗಾಗ ಬಂದುಹೋಗುವ ಜಿಟಿಜಿಟಿ ಸೋನೆ ಬೇರು ಕತ್ತರಿಸಿದ ಗಿಡಕ್ಕೆ ಆಸ್ಪತ್ರೆಯ ವಾರ್ಡಿನಂತೆ ಒದಗುತ್ತವೆ. ಮಂಗಳೂರಿನವರು ಇದನ್ನೇ ಅನುಸರಿಸಿದರೆ ಮೋಸಹೋಗುತ್ತಾರೆ. ಅಲ್ಲಿ ಜೂನ್ ಕೊನೆಯ ಹೊತ್ತಿಗೆ ಕುಂಡಗಳು ಹಗಲಿರುಳು ನೆನೆದು, ಕತ್ತರಿಸಿದ ಬೇರಿನ ಬಾಯಿ ಕೊಳೆಯುವ ಅಪಾಯವಿದೆ. ಕರಾವಳಿಯಲ್ಲಿ ಮೇ ತಿಂಗಳ ಕೊನೆಯಲ್ಲಿ ಮಳೆ ಹಿಡಿಯುವ ಮೊದಲೇ ಈ ಕೆಲಸ ಮಾಡಿ ಗಿಡವನ್ನು ಸೂರಿನ ಕೆಳಗಿಡುವುದು ಲೇಸು. ವಿಜಯಪುರ, ರಾಯಚೂರುಗಳ ಕಡೆ ಬೇಸಿಗೆಯ ಕಾವು 40 ಡಿಗ್ರಿ ದಾಟುವುದರಿಂದ ನೆಲ ತಣಿದ ಮೇಲೆ, ಜುಲೈಯಲ್ಲಿ ಮಾಡಿದರೂ ತಡವಲ್ಲ. ಕರ್ನಾಟಕಕ್ಕೆಲ್ಲ ಒಂದೇ ತಾರೀಖು ಹಾಕುವುದು ಕೂಡ ಜಪಾನಿನ ತಾರೀಖು ಹಾಕಿದಷ್ಟೇ ತಪ್ಪು.

ಕಾಗದದ ಹೂವಿನ ಗಿಡ, ಎಂದರೆ ಬೋಗನ್‌ವಿಲ್ಲಾ, ಈ ಪಟ್ಟಿಯ ಹೊರಗಿನದು. ಅದರ ಬೇರು ಮುಟ್ಟಿದರೆ ಮುರಿಯುವಷ್ಟು ಪೆಡಸು, ಆದ್ದರಿಂದ ಮಣ್ಣನ್ನು ಪೂರ್ತಿ ಕೊಡವಬಾರದು. ಜನವರಿ ಫೆಬ್ರುವರಿಯಲ್ಲಿ ಅದಕ್ಕೆ ನೀರನ್ನು ಸ್ವಲ್ಪ ಬಿಗಿ ಹಿಡಿದರೆ ಎಲೆ ಕಡಿಮೆಯಾಗಿ ಬಣ್ಣ ತುಂಬುತ್ತದೆ. ಹೂವಿನ ಕಾಲ ಮುಗಿದ ಮೇಲೆಯೇ ಕತ್ತರಿ.

ಇನ್ನು ಎರಡು ಚಮಚ ನೀರಿನ ಮಾತು. ಚಮಚದ ನೀರು ಮೇಲಿನ ಅರ್ಧ ಅಂಗುಲ ಮಣ್ಣನ್ನು ತೋಯಿಸಿ ಅಲ್ಲೇ ಆವಿಯಾಗುತ್ತದೆ, ತಳದ ಬೇರು ಒಣಗಿಯೇ ಇರುತ್ತದೆ. ತಳದ ತೂತಿನಿಂದ ನೀರು ಇಳಿಯುವವರೆಗೆ ಹಾಕಬೇಕು, ಮೇಲ್ಮಣ್ಣು ಒಣಗುವವರೆಗೆ ಕಾಯಬೇಕು, ಮತ್ತೆ ಹಾಗೆಯೇ ಹಾಕಬೇಕು. ಏಪ್ರಿಲ್‌ನಲ್ಲಿ ಇದು ದಿನಕ್ಕೆ ಎರಡು ಸಲವಾದೀತು, ಡಿಸೆಂಬರ್‌ನಲ್ಲಿ ಎರಡು ದಿನಕ್ಕೊಮ್ಮೆ ಆದೀತು. ಚಪ್ಪಟೆ ಕುಂಡ ಬೇಗ ಒಣಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅದೇ ಕುಂಡ ಮಳೆಗಾಲದಲ್ಲಿ ಆಳದ ಕುಂಡಕ್ಕಿಂತ ಹೆಚ್ಚು ಹಸಿಯಾಗಿರುತ್ತದೆ ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳುತ್ತಿದ್ದಾಗ ಮಕ್ಕಳಿಗೆ ತೋರಿಸುತ್ತಿದ್ದ ಪ್ರಯೋಗವೊಂದನ್ನು ಓದುಗರು ಅಡುಗೆಮನೆಯಲ್ಲೇ ಮಾಡಿ ನೋಡಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ಪೂರ್ತಿ ನೆನೆಸಿ ಅಂಗೈಮೇಲೆ ಅಡ್ಡಲಾಗಿ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಹಿಂಡದೆ, ಅದನ್ನೇ ನಿಧಾನವಾಗಿ ನೆಟ್ಟಗೆ ನಿಲ್ಲಿಸಿರಿ. ನಿಂತಿದ್ದ ನೀರು ಮತ್ತೆ ಸುರಿಯಲು ತೊಡಗುತ್ತದೆ. ಕುಂಡದ ಮಣ್ಣಿನಲ್ಲೂ ಹೀಗೆಯೇ, ತಳದ ಒಂದಿಷ್ಟು ಎತ್ತರದವರೆಗೆ ನೀರು ಇಳಿಯದೆ ಹಿಡಿದುಕೊಂಡು ನಿಲ್ಲುತ್ತದೆ. ಆಳದ ಕುಂಡದಲ್ಲಿ ಆ ಹಸಿ ಪದರದ ಮೇಲೆ ಬೇರಿಗೆ ಉಸಿರಾಡಲು ಜಾಗ ಉಳಿಯುತ್ತದೆ. ಎರಡು ಅಂಗುಲದ ತಟ್ಟೆಯಲ್ಲಿ ಹಸಿ ಪದರವೇ ಹೆಚ್ಚುಕಡಿಮೆ ಇಡೀ ತಟ್ಟೆ. ಬಿಡದೆ ಮಳೆ ಹಿಡಿದ ದಿನಗಳಲ್ಲಿ ನಾನು ಪ್ರತಿ ಕುಂಡದ ಒಂದು ಬದಿಗೆ ಒಡೆದ ಹೆಂಚಿನ ಚೂರೊಂದನ್ನು ಕೊಟ್ಟು ಓರೆ ಮಾಡುತ್ತೇನೆ. ಕೆಳಬದಿಯ ತೂತಿನಿಂದ ನೀರು ಮತ್ತೆ ಹನಿಯತೊಡಗುವುದನ್ನು ನಿಂತು ನೋಡಬಹುದು. ಖರ್ಚಿಲ್ಲದ ಈ ಉಪಾಯ ನನ್ನ ಎಷ್ಟೋ ಗಿಡಗಳನ್ನು ಆಶ್ಲೇಷ ಮಳೆಗಳಲ್ಲಿ ಉಳಿಸಿದೆ.

ಇದೇ ಕಾರಣಕ್ಕೆ ಬರೀ ಕೆಮ್ಮಣ್ಣನ್ನು ತಟ್ಟೆಗೆ ತುಂಬಬಾರದು. ಅದು ಎರಡು ಮಳೆಗೆ ಹೆಪ್ಪುಗಟ್ಟಿ ಇಟ್ಟಿಗೆಯಾಗುತ್ತದೆ. ಜಪಾನಿನವರು ಬಳಸುವ ಅಕಡಾಮ ಎಂಬ ಉಂಡೆಯುಂಡೆ ಜೇಡಿಮಣ್ಣನ್ನು ದುಬಾರಿ ಬೆಲೆ ಕೊಟ್ಟು ತರಿಸುವ ಅಗತ್ಯವೂ ಇಲ್ಲ. ಮನೆ ಕಟ್ಟುವ ಜಾಗದಲ್ಲಿ ಬಿದ್ದಿರುವ ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಕುಟ್ಟಿ, ಗೋಧಿ ಕಾಳಿನಿಂದ ಕಡಲೆ ಕಾಳಿನವರೆಗಿನ ಗಾತ್ರದ ಚೂರನ್ನು ಜರಡಿಯಲ್ಲಿ ಆರಿಸಿ, ಹುಡಿಯನ್ನು ಪೂರ್ತಿ ತೊಳೆದು ತೆಗೆದು, ಅದರ ಎರಡು ಪಾಲಿಗೆ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು ಬೆರೆಸಿದರೆ ನಮ್ಮ ಹಾಲುಮರಗಳಿಗೂ ಹುಣಸೆಗೂ ಸಾಕು. ಹುಡಿ ತೆಗೆಯುವ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಉಳಿದದ್ದೆಲ್ಲ ವ್ಯರ್ಥ.

ಟೀಪಾಯಿಯ ವಿಷಯಕ್ಕೆ ಹೆಚ್ಚು ಬರೆಯಬೇಕಾಗಿಲ್ಲ. ಮರ ಕುಬ್ಜವಾದ ಮಾತ್ರಕ್ಕೆ ಅದು ಮನೆಯೊಳಗಿನ ಗಿಡವಾಗುವುದಿಲ್ಲ; ಬಿಸಿಲು, ಗಾಳಿ, ಇಬ್ಬನಿ ಅದಕ್ಕೂ ಬೇಕು. ಒಮ್ಮೆ ನರ್ಸರಿಯೊಂದರಿಂದ ಜುನಿಪರ್ ಗಿಡವನ್ನು, ‘ಎಸಿ ಕೋಣೆಯಲ್ಲೂ ಬದುಕುತ್ತದೆ’ ಎಂಬ ಮಾತು ನಂಬಿ ಕೊಂಡು ತಂದು ಹಜಾರದಲ್ಲಿಟ್ಟಿದ್ದೆ. ಆರು ವಾರ ಹಸಿರಾಗಿಯೇ ಇತ್ತು. ಬಂದವರೆಲ್ಲ ಹೊಗಳಿದರು. ಆಮೇಲೆ ಒಂದು ದಿನ ಮುಟ್ಟಿದರೆ ಸೂಜಿಯೆಲೆಗಳು ಪುಡಿಪುಡಿಯಾಗಿ ಉದುರಿದವು. ಜುನಿಪರ್ ಜಾತಿಯ ಮರ ಬೇರು ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿ ಕಾಣುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಬಹುಶಃ ತಿಂಗಳಿನಿಂದ ಹೆಣಕ್ಕೆ ನೀರು ಹಾಕುತ್ತಿದ್ದೆ. ಅತಿಥಿಗಳು ಬಂದಾಗ ಒಂದು ದಿನ ಒಳಗೆ ತಂದಿಟ್ಟು ಮರುದಿನ ಹೊರಗಿಡುವುದೇ ಸರಿಯಾದ ಪದ್ಧತಿ. ಹೊರಗೆ ಎಂದರೆ ತಾರಸಿಯ ಕಾಂಕ್ರೀಟಿನ ಮೇಲಲ್ಲ. ಏಪ್ರಿಲ್‌ನಲ್ಲಿ ಆ ನೆಲ ಬರಿಗಾಲು ಊರಲಾಗದಷ್ಟು ಕಾದಿರುತ್ತದೆ, ಅದರ ಮೇಲಿನ ತಟ್ಟೆಯಲ್ಲಿ ಬೇರು ಬೇಯುತ್ತದೆ. ಸೊಂಟದೆತ್ತರದ ಬೆಂಚು, ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮೇಲೆ ನೆರಳುಬಲೆ, ಕುಂಡದ ಸುತ್ತ ಒದ್ದೆ ಗೋಣಿಚೀಲ. ನಮ್ಮ ಬೇಸಿಗೆಗೆ ಇವು ಸಾಕು.

ಲೇಖನದ ಮೂರನೆಯ ಮಾತು, ವಿನ್ಯಾಸದ್ದು, ನನ್ನನ್ನು ಹೆಚ್ಚು ಕಾಡಿತು. ತ್ರಿಕೋನದ ಆಕಾರ ಹಿಮ ಬೀಳುವ ನಾಡಿನ ಪೈನ್ ಮರದ್ದು. ಹಿಮದ ಭಾರಕ್ಕೆ ಕೊಂಬೆಗಳು ಕೆಳಕ್ಕೆ ಬಾಗಿ, ತುದಿ ಚೂಪಾಗಿ ಉಳಿದ ಮುದಿ ಮರವನ್ನು ನೋಡಿ ಅಲ್ಲಿಯವರು ನಿಯಮ ಕಟ್ಟಿದರು: ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿ, ಎತ್ತರ ಬುಡದ ದಪ್ಪದ ಸುಮಾರು ಆರು ಪಟ್ಟು, ಹೀಗೆ. ತಮ್ಮ ಕಣ್ಣೆದುರಿನ ಮರವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ಅವರ ಹಿರಿಮೆ. ನಾವು ಅನುಕರಿಸಬೇಕಾದದ್ದು ಆ ನೋಟವನ್ನು. ಆಲದ ಮರ ಎಲ್ಲಿಯಾದರೂ ಚೂಪು ತಲೆಯದಾಗಿರುವುದನ್ನು ಯಾರಾದರೂ ಕಂಡಿದ್ದಾರೆಯೇ? ಬೆಂಗಳೂರಿನ ಹೊರವಲಯದ ಕೇತೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹಬ್ಬಿದೆ. ಅದರ ಮೂಲ ಬೊಡ್ಡೆ ರೋಗ ತಗುಲಿ ಎಂದೋ ಹೋಯಿತು. ಬಿಳಲುಗಳೇ ಕಂಬಗಳಾಗಿ ಮರವನ್ನು ಹೊತ್ತು ನಿಂತಿವೆ. ಅಗಲ ಎತ್ತರವನ್ನು ಮೀರುವುದು, ನಡುವೆ ಬಯಲಿನಂತೆ ಖಾಲಿ ಜಾಗ ಬಿಡುವುದು, ಬಿಳಲು ಬೊಡ್ಡೆಗೆ ಸಮನಾಗಿ ನಿಲ್ಲುವುದು: ಆಲದ ಬೋನ್ಸಾಯ್ ಮಾಡುವವರಿಗೆ ವಿನ್ಯಾಸದ ಪಾಠ ಅಲ್ಲಿದೆ.

ಹುಣಸೆಗೆ ದೇವನಹಳ್ಳಿ ಬಳಿಯ ನಲ್ಲೂರು ತೋಪಿದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾದ ಆ 54 ಎಕರೆಯಲ್ಲಿ ಟೊಳ್ಳಾದ ಬೊಡ್ಡೆಗಳು, ಹಗ್ಗ ಹೊಸೆದಂತೆ ತಿರುಚಿಕೊಂಡ ಕಾಂಡಗಳು, ನೆಲಕ್ಕೆ ಒರಗಿ ಮತ್ತೆ ಎದ್ದ ಕೊಂಬೆಗಳನ್ನು ನಾನು ಅರ್ಧ ದಿನ ಸುತ್ತಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬಂದೆ. ಆ ಗೀಚು ಚಿತ್ರಗಳಿಂದ ನನ್ನ ಒಂದು ಹುಣಸೆಯ ಬೊಡ್ಡೆಯ ಒಂದು ಬದಿಯನ್ನು ಕೆತ್ತಿ ಟೊಳ್ಳು ಮಾಡಿದೆ. ಹುಣಸೆಯ ಎಲೆ ಹುಟ್ಟಾ ಚಿಕ್ಕದಾದ್ದರಿಂದ ಕುಬ್ಜ ಮರಕ್ಕೆ ಅದರಷ್ಟು ಹೊಂದುವ ಎಲೆ ಬೇರೊಂದಿಲ್ಲ. ಸಂಜೆಯಾದೊಡನೆ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುವಾಗ ಅರ್ಧ ಅಡಿಯ ಗಿಡವೂ ರಸ್ತೆ ಬದಿಯ ಹಳೆಯ ಮರದಂತೆಯೇ ಕಾಣುತ್ತದೆ.

ಆಲಕ್ಕೆ ಬಿಳಲು ಬರಿಸುವುದು ಮಳೆಗಾಲದ ಕೆಲಸ. ತೇವ ಹೆಚ್ಚಿದಾಗ ಕೊಂಬೆಯ ಅಡಿಯಲ್ಲಿ ಕಂದು ಬಣ್ಣದ ದಾರದಂಥ ಎಳೆ ಇಳಿಯುತ್ತದೆ, ಮಳೆ ನಿಂತು ಒಣಗಾಳಿ ಬೀಸಿದರೆ ಅದರ ತುದಿ ಒಣಗಿಹೋಗುತ್ತದೆ. ಎಳನೀರು ಕುಡಿಯುವ ದಪ್ಪ ಸ್ಟ್ರಾವನ್ನು ಉದ್ದಕ್ಕೆ ಸೀಳಿ, ಒಳಗೆ ಒದ್ದೆ ತೆಂಗಿನ ನಾರಿನ ಪುಡಿ ತುಂಬಿ, ಬಿಳಲನ್ನು ಅದರೊಳಗೆ ಕೂರಿಸಿ ದಾರ ಸುತ್ತಿ, ಕೆಳತುದಿಯನ್ನು ಕುಂಡದ ಮಣ್ಣಿಗೆ ಊರಿದರೆ ಮುಂದಿನ ಒಂದೆರಡು ತಿಂಗಳಲ್ಲಿ ಬಿಳಲು ನೆಲ ಮುಟ್ಟುತ್ತದೆ. ನೆಲ ಮುಟ್ಟಿದ ಮೇಲೆ ಅದು ದಪ್ಪಗಾಗುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. ಎಲೆ ಚಿಕ್ಕದಾಗಬೇಕಾದರೆ ಆರೋಗ್ಯವಾಗಿರುವ ಗಿಡದ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು. ಕುಂಡ ಬದಲಿಸಿದ ವರ್ಷ ಮಾತ್ರ ಇದು ಸಲ್ಲದು. ಎರಡು ಬಾರಿ ಹೀಗೆ ಮಾಡಿದ ನನ್ನ ಆಲದ ಎಲೆ ಅಂಗೈಯಗಲದಿಂದ ಮೂರು ಬೆರಳಗಲಕ್ಕೆ ಇಳಿದಿದೆ. ಹಣ್ಣು ಹೂಗಳು ಮಾತ್ರ ಹೀಗೆ ಕುಗ್ಗುವುದಿಲ್ಲ, ಮಾವಿನ ಬೋನ್ಸಾಯಿಯಲ್ಲಿ ಕಾಯಿ ಹಿಡಿದರೆ ಅದು ಮಾವಿನಕಾಯಿಯ ಗಾತ್ರವೇ.

ಕೊಂಬೆಯನ್ನು ಬೇಕಾದ ಆಕಾರಕ್ಕೆ ಬಗ್ಗಿಸಲು ತಂತಿ ಸುತ್ತುವುದಕ್ಕೂ ಋತುವಿನ ಲೆಕ್ಕವಿದೆ. ಕೊಂಬೆಯ ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿಯನ್ನು ಓರೆಯಾಗಿ, ಒತ್ತೊತ್ತಾಗಿಸದೆ ಸುತ್ತಬೇಕು ಎಂದು ಲೇಖಕರು ಸರಿಯಾಗಿಯೇ ಬರೆದಿದ್ದಾರೆ. ಆದರೆ ಆರು ತಿಂಗಳು ಬಿಡಬೇಕೆಂದಿದ್ದಾರೆ. ನಿಧಾನವಾಗಿ ಬೆಳೆಯುವ ಪೈನ್‌ಗೆ ಅದು ಸರಿ. ಮುಂಗಾರಿನಲ್ಲಿ ಆಲದ ಕೊಂಬೆ ಐದಾರು ವಾರಕ್ಕೇ ಉಬ್ಬಿ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ, ಸುರುಳಿ ಗಾಯ ವರ್ಷಗಟ್ಟಲೆ ಉಳಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಣ್ಣು ಹಾಯಿಸಿ, ಒತ್ತುವ ಲಕ್ಷಣ ಕಂಡೊಡನೆ ಇಕ್ಕಳದಿಂದ ತುಂಡು ತುಂಡಾಗಿ ಕತ್ತರಿಸಿ ತೆಗೆಯಬೇಕು. ಬಿಚ್ಚಲು ಹೋದರೆ ಕೊಂಬೆಯೇ ಮುರಿಯುತ್ತದೆ.

ಲೇಖನದ ಕೆಳಗೆ ಓದುಗರೊಬ್ಬರು ಬೋನ್ಸಾಯ್ ಎಂದರೆ ಗಿಡಕ್ಕೆ ಕೊಡುವ ಚಿತ್ರಹಿಂಸೆ ಎಂದು ಬರೆದಿದ್ದಾರೆ. ರಾಮನಗರದ ರೈತರು ಹಿಪ್ಪುನೇರಳೆಯನ್ನು ವರ್ಷವರ್ಷವೂ ಬುಡಮಟ್ಟ ಕತ್ತರಿಸುತ್ತಾರೆ, ಕೊಡಗಿನಲ್ಲಿ ಕಾಫಿ ಗಿಡದ ಚಿಗುರು ತೆಗೆಯದೆ ತೋಟ ನಡೆಯುವುದಿಲ್ಲ. ಕತ್ತರಿಸುವುದು ಹಿಂಸೆಯಾದರೆ ಅವೂ ಹಿಂಸೆಯೇ. ನನ್ನ ಆಕ್ಷೇಪವಿರುವುದು ಬೇರೆಡೆ. ಕಾಡಿನ ಬಂಡೆಗಳಿಂದ, ಹಳೆಯ ಕೋಟೆ ಗುಡಿಗಳ ಗೋಡೆಗಳಿಂದ ಅನುಮತಿಯಿಲ್ಲದೆ ಮುದಿ ಬೊಡ್ಡೆಗಳನ್ನು ಕಿತ್ತು ತರುವವರಿದ್ದಾರೆ. ತಂದವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಹಾಗೆಯೇ ನೆಲದಲ್ಲಿ ಬೆಳೆದು ನಿನ್ನೆ ತಟ್ಟೆಗೆ ಬಂದ ಗಿಡಕ್ಕೆ ‘25 ವರ್ಷದ ಬೋನ್ಸಾಯ್’ ಎಂಬ ಚೀಟಿ ಅಂಟಿಸಿ ಮಾರುವುದು. ವಾಷಿಂಗ್ಟನ್ನಿನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಯಮಕಿ ಮನೆತನದ ಬಿಳಿ ಪೈನ್ ಮರವೊಂದಿದೆ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಆ ಊರಿನಲ್ಲೇ ಇದ್ದು ಬದುಕುಳಿದ ಮರ ಅದು. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು, 2001ರಲ್ಲಿ ಆ ಮನೆತನದ ಮೊಮ್ಮಕ್ಕಳು ನೋಡಲು ಬರುವ ತನಕ ಅದರ ಹಿರೋಶಿಮಾದ ಕಥೆ ಅಲ್ಲಿಯವರಿಗೇ ತಿಳಿದಿರಲಿಲ್ಲ. ಆ ಮರದ ವಯಸ್ಸನ್ನು ಅವರು ‘1625ರಿಂದ ಪಳಗಿಸಲಾಗುತ್ತಿದೆ’ ಎಂದು ಹೇಳುತ್ತಾರೆ. ಲೆಕ್ಕ ಇಡುವುದು ಮನುಷ್ಯರ ಕೈ ತಗುಲಿದ ವರ್ಷಗಳನ್ನು. ನಮ್ಮ ಪ್ರದರ್ಶನಗಳ ಆಯೋಜಕರೂ ನರ್ಸರಿಯವರೂ ಚೀಟಿಯ ಮೇಲೆ ‘ತಟ್ಟೆಯಲ್ಲಿ ಇಷ್ಟು ವರ್ಷ’ ಎಂದು ಬರೆಯುವ ರೂಢಿ ಮಾಡಿದರೆ ಕೊಳ್ಳುವವರು ಮೋಸಹೋಗುವುದು ತಪ್ಪುತ್ತದೆ, ತಾಳ್ಮೆಯಿಂದ ಬೆಳೆಸಿದವರಿಗೆ ಸಲ್ಲಬೇಕಾದ ಬೆಲೆಯೂ ಸಲ್ಲುತ್ತದೆ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಭಾನುವಾರದ ಪುರವಣಿಯಲ್ಲಿ, ಬೇರು ಕತ್ತರಿಸುವ ಸಲಹೆ ಹಾಲುಮರಗಳಿಗೆ ಅನ್ವಯಿಸುವುದಿಲ್ಲ ಎಂಬ ಎರಡು ಸಾಲಿನ ತಿದ್ದುಪಡಿಯನ್ನಾದರೂ ಪ್ರಕಟಿಸಬೇಕು. ಮುಂದೆ ಇಂಥ ಲೇಖನ ಹಾಕುವಾಗ ಕರಾವಳಿ, ಮಲೆನಾಡು, ಬಯಲುಸೀಮೆಗಳಿಗೆ ಬೇರೆ ಬೇರೆ ಕಾಲ ಸೂಚಿಸುವಂತೆ ಲೇಖಕರನ್ನು ಕೇಳಬೇಕು. ಜನವರಿ ಫೆಬ್ರುವರಿಯಲ್ಲಿ ಮಾಡಬೇಕಾದ ಕೆಲಸ ಬೇರೆಯೇ ಇದೆ. ನೀರು ಕಡಿಮೆ ಮಾಡುವುದು, ಗೊಬ್ಬರ ನಿಲ್ಲಿಸುವುದು, ಹಳೆಯ ತಂತಿ ತೆಗೆಯುವುದು, ಎಲೆಯಡಿಯ ಹಿಟ್ಟು ತಿಗಣೆಯನ್ನು ಬೇವಿನೆಣ್ಣೆ ಮತ್ತು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒರೆಸುವುದು, ಕುಂಡವನ್ನು ಕಣ್ಣಿನ ಮಟ್ಟಕ್ಕೆ ಎತ್ತಿಟ್ಟು ಯಾವ ಕೊಂಬೆ ಉಳಿಯಬೇಕು ಯಾವುದು ಹೋಗಬೇಕು ಎಂದು ಸುಮ್ಮನೆ ಕೂತು ನೋಡುವುದು.

ಈಗಾಗಲೇ ಕತ್ತರಿ ಹಾಕಿರುವ ಓದುಗರು ಗಾಬರಿಯಾಗಬೇಕಾಗಿಲ್ಲ. ಗಿಡವನ್ನು ಗಾಳಿ ಬೀಸದ, ನೇರ ಬಿಸಿಲು ಬೀಳದ ಬೆಳಕಿನ ಜಾಗದಲ್ಲಿಡಿ. ಅರ್ಧದಷ್ಟು ಎಲೆಗಳನ್ನು ತೊಟ್ಟು ಬಿಟ್ಟು ಕತ್ತರಿಸಿ ತೆಗೆಯಿರಿ. ಕುಂಡದ ಅಂಚಿಗೆ ನಾಲ್ಕು ಕಡ್ಡಿ ನೆಟ್ಟು ಪಾರದರ್ಶಕ ಪಾಲಿಥಿನ್ ಚೀಲವನ್ನು ಡೇರೆಯಂತೆ ಹೊದಿಸಿ, ಬುಡದಲ್ಲಿ ಒಂದಿಷ್ಟು ಸಂದಿ ಬಿಡಿ. ಮಣ್ಣು ಹಸಿಯಾಗಿರಲಿ, ಕೆಸರಾಗದಿರಲಿ; ಗೊಬ್ಬರ ಖಂಡಿತ ಬೇಡ. ಬೇರು ಹಿಡಿಯಿತೇ ಎಂದು ಅಲುಗಾಡಿಸಿ ನೋಡಬೇಡಿ. ತಿಂಗಳು ಕಳೆದ ಮೇಲೆ ಬೊಡ್ಡೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಎಲೆ ಒಂದೂ ಇಲ್ಲದಿದ್ದರೂ ಎಸೆಯಬೇಡಿ, ಭರಣಿ ಮಳೆಯವರೆಗೆ ಕಾಯಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಮೈಸೂರು